ಹುಳು ಮನೆಯ ಗ್ಯಾಸ್ ಗನ್ನು, ಮೇಸ್ತ್ರಿಯ ಇಟ್ಟಿಗೆ

ಮಾತಾಡುವವರು ಇಬ್ಬರು. ಒಬ್ಬರು ಚಿಂತಾಮಣಿಯಲ್ಲಿ ಗೇಟು, ಗ್ರಿಲ್ಲು, ಟ್ರೈಲರ್ ಕೆಲಸದ ಅಂಗಡಿ ಇಟ್ಟುಕೊಂಡಿರುವ ಮೇಸ್ತ್ರಿ. ಅವರ ತಂದೆಯ ಕಾಲದವರೆಗೂ ಮನೆಯಲ್ಲಿ ಕುಲುಮೆ ಉರಿಯುತ್ತಿತ್ತು. ಇನ್ನೊಬ್ಬ ಶಿಡ್ಲಘಟ್ಟ ತಾಲ್ಲೂಕಿನ ರೇಷ್ಮೆ ಬೆಳೆಗಾರ. ವಯಸ್ಸಿನಲ್ಲಿ ಕಿರಿಯ, ಸಣ್ಣಪುಟ್ಟ ಕಬ್ಬಿಣದ ಕೆಲಸವನ್ನು ತಾನೇ ಮಾಡಿಕೊಳ್ಳಬೇಕೆಂಬ ಹಟದವನು. ನಡುವೆ ನನ್ನ ಮಾತೂ ಸ್ವಲ್ಪ ಸೇರಿದೆ.

ರೈತ: ಅಣ್ಣ, ಬೆಂಗಳೂರಿಗೆ ಹೊರಟಿದ್ದೀನಿ. ಎಸ್.ಪಿ. ರೋಡಿನಲ್ಲಿ ಕೈಯಲ್ಲಿ ಹಿಡಿಯೋ ಗ್ಯಾಸ್ ಟಾರ್ಚ್ ಬಗೆಬಗೆಯವು ಸಿಗುತ್ತವಂತೆ. ಕಬ್ಬಿಣ ಕಾಯಿಸಿ ಬಗ್ಗಿಸೋಕೆ ಯಾವುದು ತರಲಿ?

ಮೇಸ್ತ್ರಿ: ಏನು ಬಗ್ಗಿಸ್ತೀಯ, ಎಷ್ಟು ದಪ್ಪ, ಮೊದಲು ಅದು ಹೇಳು. ಟಾರ್ಚಿನ ಮಾತು ಆಮೇಲೆ.

ರೈತ: ಹುಳು ಮನೆಗೆ ಹೊಸ ಸ್ಟ್ಯಾಂಡ್ ಹಾಕ್ತಿದ್ದೀನಿ. ಅದಕ್ಕೆ 12 ಎಂಎಂ ಚೌಕ ಸರಳಿನಲ್ಲಿ ಕೊಕ್ಕೆ, ಬ್ರಾಕೆಟ್ ಬೇಕು. ಕಿಟಕಿಗೆ ಪಟ್ಟಿಯಲ್ಲಿ ಒಂದೆರಡು ಸುರುಳಿ. ಸೊಪ್ಪು ತರೋ ಟ್ರೈಲರ್‌ಗೆ ಒಂದು ಕೊಂಡಿ. ಪಕ್ಕದ ಶೆಡ್ಡಿಗೆ ಜಿಐ ಪೈಪಿನ ಕಮಾನು. ಕಲ್ಟಿವೇಟರ್ ಹಲ್ಲೊಂದು ಬಂಡೆಗೆ ಬಡಿದು ಸೊಟ್ಟಗಾಗಿದೆ, ಅದನ್ನೂ ನೆಟ್ಟಗೆ ಮಾಡಬೇಕು. ಪಿಲ್ಲರಿಗೆ ಅಂತ ತಂದ ಟಿಎಂಟಿ ಸರಳೂ ಸ್ವಲ್ಪ ಉಳಿದಿದೆ.

ಮೇಸ್ತ್ರಿ: ನೀನು ಹೇಳಿದ್ದರಲ್ಲಿ ಅರ್ಧಕ್ಕೆ ಬೆಂಕಿ ತೋರಿಸಲೇಬಾರದು. ಅದನ್ನ ಮೊದಲು ಬೇರೆ ಮಾಡಿಬಿಡೋಣ. ಟಿಎಂಟಿ ಸರಳು ಇದೆಯಲ್ಲ, ಅದು ಒಳಗೂ ಹೊರಗೂ ಒಂದೇ ಕಬ್ಬಿಣ ಅಲ್ಲ. ಕಾರ್ಖಾನೆಯಲ್ಲಿ ಕೆಂಪಗಿರುವಾಗಲೇ ಅದರ ಮೇಲೆ ಜೋರಾಗಿ ನೀರು ಹಾಯಿಸ್ತಾರೆ. ಹೊರಗಿನ ಸುತ್ತು ಗಟ್ಟಿಯಾಗುತ್ತೆ, ಒಳಗಿನ ತಿರುಳು ಮೆತ್ತಗೆ ಉಳಿಯುತ್ತೆ. ಒಳಗಿನ ಬಿಸಿ ಮತ್ತೆ ಹೊರಕ್ಕೆ ಬಂದು ಆ ಗಟ್ಟಿ ಸುತ್ತಿಗೆ ಹದ ಕೊಡುತ್ತೆ. ಅದರ ಬಲ ಎಲ್ಲಾ ಆ ಸುತ್ತಿನಲ್ಲೇ ಇರೋದು. ನೀನು ಟಾರ್ಚ್ ಹಿಡಿದು ಕೆಂಪಗೆ ಕಾಯಿಸಿದರೆ ಆ ಜಾಗದಲ್ಲಿ ಹದ ಹೋಗಿ ಸಾದಾ ಕಬ್ಬಿಣ ಆಗಿಬಿಡುತ್ತೆ. ಪಿಲ್ಲರಿಗೆ, ಬೀಮಿಗೆ ಹೋಗೋ ಸರಳನ್ನ ತಣ್ಣಗೇ ಬಗ್ಗಿಸಬೇಕು.

ರೈತ: ಕಟ್ಟಡದ ಕೆಲಸದವರು ಕೆಲವರು ಕಾಯಿಸಿ ಬಗ್ಗಿಸೋದನ್ನ ನೋಡಿದ್ದೀನಿ.

ಮೇಸ್ತ್ರಿ: ನಾನೂ ನೋಡಿದ್ದೀನಿ. ನೋಡಿದಾಗಲೆಲ್ಲ ನಿಲ್ಲಿಸಿ ಹೇಳ್ತೀನಿ. ಆ ಸರಳು ಕಾಂಕ್ರೀಟಿನ ಒಳಗೆ ಹೋದ ಮೇಲೆ ಯಾರ ಕಣ್ಣಿಗೂ ಬೀಳಲ್ಲ, ಮನೆ ಮಾತ್ರ ಅದರ ಮೇಲೆ ನಿಂತಿರುತ್ತೆ. ಇನ್ನು ಜಿಐ ಪೈಪು. ಚಿಕ್ಕಬಳ್ಳಾಪುರ ಕಡೆ ಹೂವಿನ ಪಾಲಿಹೌಸ್ ಎಷ್ಟಿವೆ, ಅವುಗಳ ಕಮಾನೆಲ್ಲ ಇದೇ ಪೈಪು. ಒಂದನ್ನೂ ಕಾಯಿಸಿ ಬಗ್ಗಿಸಿರಲ್ಲ, ಬೆಂಡಿಂಗ್ ಮಿಷನ್‌ಗೆ ಕೊಟ್ಟು ತಣ್ಣಗೇ ಬಗ್ಗಿಸಿರ್ತಾರೆ. ಮೇಲಿನ ಬಿಳಿ ಲೇಪ ಸತುವು. ಅದು 420 ಡಿಗ್ರಿ ಹತ್ತಿರ ಕರಗುತ್ತೆ, 907ಕ್ಕೆ ಕುದಿದು ಆವಿಯಾಗುತ್ತೆ. ಆ ಬಿಳಿ ಹೊಗೆ ಎದೆಗೆ ಹೋದರೆ ಸಂಜೆಗೆ ಚಳಿಜ್ವರ, ಮೈಕೈ ನೋವು. ಜೊತೆಗೆ ಲೇಪ ಸುಟ್ಟ ಜಾಗದಲ್ಲಿ ಒಂದೆರಡು ಮಳೆಗಾಲಕ್ಕೆ ತುಕ್ಕು ಶುರು. ಕಲ್ಟಿವೇಟರ್ ಹಲ್ಲೂ ಬೇಡ. ಅದು ಹದ ಹಾಕಿದ ಉಕ್ಕು. ಕಾಯಿಸಿ ನೆಟ್ಟಗೇನೋ ಮಾಡಬಹುದು, ಆದರೆ ಹದ ಹೋದ ಹಲ್ಲು ಮುಂದಿನ ಉಳುಮೆಯಲ್ಲೇ ಬಾಗುತ್ತೆ. ಬಿಸಿಯಲ್ಲೇ ನೀರಿಗೆ ಅದ್ದಿ ಹದ ಬರಿಸ್ತೀನಿ ಅಂದರೆ ಸೀಳು ಬಿಟ್ಟರೂ ಬಿಡಬಹುದು. ಹದ ಹಾಕೋದು ಬಲ್ಲವರ ಕೈಗೆ ಕೊಡು, ಇಲ್ಲ ಹೊಸದು ಹಾಕು.

ರೈತ: ಹಾಗಾದರೆ ಉಳಿದಿದ್ದು ಕೊಕ್ಕೆ, ಸುರುಳಿ, ಕೊಂಡಿ.

ಮೇಸ್ತ್ರಿ: ಅದರಲ್ಲೂ ಎಂಟು, ಹತ್ತು ಎಂಎಂ ಸಾದಾ ಸರಳನ್ನ ವೈಸಿಗೆ ಕಚ್ಚಿಸಿ, ಉದ್ದನೆ ಪೈಪ್ ಏರಿಸಿ ಎಳೆದರೆ ತಣ್ಣಗೇ ಬಾಗುತ್ತೆ. ಪಟ್ಟಿಯೂ ಅಷ್ಟೇ, ಅಗಲದ ಮೇಲೆ ಬಗ್ಗಿಸೋದಾದರೆ ಬೆಂಕಿ ಬೇಡ. ಅದೇ ಪಟ್ಟಿಯನ್ನ ದಪ್ಪದ ಅಂಚಿನ ಕಡೆಗೆ ಬಗ್ಗಿಸಬೇಕು ಅಂದರೆ ಬೇಕು. 12 ಎಂಎಂ ಚೌಕದಲ್ಲಿ ಮೂಲೆ ಚೂಪಾಗಿ ಬರಬೇಕು, ತಿರುಚು ಹಾಕಬೇಕು, ತುದಿ ಚಪ್ಪಟೆ ಮಾಡಬೇಕು ಅಂದರೆ ಬೇಕು. ನಿನ್ನ ಟಾರ್ಚು ಇಷ್ಟು ಕೆಲಸಕ್ಕೆ ಸಾಕಾದರೆ ಸಾಕು. ನಿನ್ನ ಹತ್ತಿರ ಈಗ ಏನಿದೆ?

ರೈತ: ಹುಳು ಮನೆಯ ಫ್ಲೇಮ್ ಗನ್ ಇದೆ. ಬೆಳೆ ಇಳಿದ ಮೇಲೆ ಸ್ಟ್ಯಾಂಡು, ನೆಲ ಎಲ್ಲಾ ಅದರಲ್ಲೇ ಸುಡ್ತೀವಿ. ಬಿದಿರಿನ ಚಂದ್ರಿಕೆಗೆ ಅಂಟಿದ ರೇಷ್ಮೆ ಎಳೆಗಳನ್ನೂ ಅದರಲ್ಲೇ ಸರ್ರಂತ ಸುಟ್ಟು ತೆಗೀತೀವಿ. ಅದು ಅಗಲವಾಗಿ ಉರಿಯುತ್ತೆ, ಕಬ್ಬಿಣಕ್ಕೆಲ್ಲ ಆಗಲ್ಲ ಅಂತ ಅಂಗಡಿಯವರು ಹೇಳಿದರು. ಡಬ್ಬಿಗೆ ಸಿಕ್ಕಿಸೋ ಸಣ್ಣ ಟಾರ್ಚ್ ತೋರಿಸಿ, ಇದರ ಉರಿ 1,300 ಡಿಗ್ರಿ, ಇನ್ನೊಂದು ಬಗೆಯ ಗ್ಯಾಸಿನ ಹಳದಿ ಡಬ್ಬಿಯದಾದರೆ 2,000 ಡಿಗ್ರಿ ಅಂದರು.

ಮೇಸ್ತ್ರಿ: ಡಿಗ್ರಿ ನೋಡಿ ಟಾರ್ಚ್ ಕೊಳ್ಳೋದೇ ಎಲ್ಲರೂ ಬೀಳೋ ಗುಂಡಿ. ಬ್ಯುಟೇನ್ ಡಬ್ಬಿ ಇರಲಿ, ನಮ್ಮ ಎಲ್‌ಪಿಜಿ ಇರಲಿ, ಗಾಳಿಯಲ್ಲಿ ಸರಿಯಾಗಿ ಉರಿದರೆ ಉರಿಯ ಬಿಸಿ ಲೆಕ್ಕದಲ್ಲಿ 1,900ರಿಂದ 2,000 ಡಿಗ್ರಿ. ಹಳದಿ ಡಬ್ಬಿಯದು ಅದಕ್ಕಿಂತ ಒಂದಿಷ್ಟು ಹೆಚ್ಚು, ಅಷ್ಟೇ. ಕಬ್ಬಿಣ ಬಗ್ಗಿಸೋಕೆ ಬೇಕಾಗಿರೋದು 900, 1,000. ಅಂದಮೇಲೆ ಡಿಗ್ರಿ ಎಲ್ಲದರಲ್ಲೂ ಇದೆ. ಇನ್ನೊಂದು ಪ್ರಶ್ನೆ ಇದೆ: ಸೆಕೆಂಡಿಗೆ ಎಷ್ಟು ಬಿಸಿ ಕೊಡುತ್ತೆ, ಅದರಲ್ಲಿ ಎಷ್ಟು ಕಬ್ಬಿಣದೊಳಗೆ ಉಳಿಯುತ್ತೆ?

ರೈತ: ಅದನ್ನ ಹೇಗೆ ಲೆಕ್ಕ ಹಾಕೋದು?

ಮೇಸ್ತ್ರಿ: ಹಾಕೋಣ ಬಾ, ಕಷ್ಟ ಇಲ್ಲ. 12 ಎಂಎಂ ಚೌಕ ಸರಳು ಮೀಟರಿಗೆ ಒಂದು ಕೆಜಿ ನೂರಮೂವತ್ತು ಗ್ರಾಂ ಹತ್ತಿರ ತೂಗುತ್ತೆ. ಬಾಗಿಸೋ ಜಾಗ ಒಂದು ಗೇಣು ಅನ್ನು, 15 ಸೆಂಟಿಮೀಟರು ಇಟ್ಟುಕೋ, 170 ಗ್ರಾಂ ಆಯ್ತು. ಇಷ್ಟನ್ನ 900 ಡಿಗ್ರಿಗೆ ಏರಿಸೋಕೆ ಸುಮಾರು 100 ಕಿಲೋಜೂಲ್ ಬೇಕು. ಡಬ್ಬಿಯ ಟಾರ್ಚ್ ಗಂಟೆಗೆ 150 ಗ್ರಾಂ ಗ್ಯಾಸ್ ಉರಿಸುತ್ತೆ ಅಂತ ಇಟ್ಟುಕೊಂಡರೆ ಅದರ ಬಲ ಎರಡು ಕಿಲೋವ್ಯಾಟಿಗೆ ಸ್ವಲ್ಪ ಕಡಿಮೆ. ಆ ಉರಿ ಸರಳನ್ನ ಸವರಿಕೊಂಡು ಮುಂದೆ ಹೋಗಿಬಿಡುತ್ತೆ, ಕಾಲುಭಾಗ ಒಳಗೆ ಇಳಿದರೆ ಹೆಚ್ಚು. ಅಂದರೆ ಅರ್ಧ ಕಿಲೋವ್ಯಾಟೂ ಇಲ್ಲ. ಆ ಲೆಕ್ಕದಲ್ಲಿ ನಾಲ್ಕು ನಿಮಿಷದೊಳಗೆ ಕಾಯಬೇಕು.

ರೈತ: ಕಾಯುತ್ತಲ್ಲ ಹಾಗಾದರೆ!

ಮೇಸ್ತ್ರಿ: ಕಾಯಲ್ಲ. ಕಬ್ಬಿಣ ಬಿಸಿಯಾದಷ್ಟೂ ಬಿಸಿಯನ್ನ ಹೊರಕ್ಕೆ ಚೆಲ್ಲುತ್ತೆ, ಅದೂ ಒಂದೇ ಸಮನಾಗಿ ಅಲ್ಲ. 600 ಡಿಗ್ರಿಯಲ್ಲಿ ಎಷ್ಟು ಚೆಲ್ಲುತ್ತೋ 900ರಲ್ಲಿ ಅದರ ಮೂರು ಪಟ್ಟಿಗೂ ಮೀರಿ. ಆ ಒಂದು ಗೇಣು ಸರಳು 900ರಲ್ಲಿ ನಿಂತಿರಬೇಕಾದರೆ ಬರೀ ಕಿರಣದ ರೂಪದಲ್ಲೇ ಅರ್ಧ ಕಿಲೋವ್ಯಾಟಿಗಿಂತ ಹೆಚ್ಚು ಹೊರಗೆ ಹೋಗ್ತಿರುತ್ತೆ. ಸರಳಿನ ಎರಡೂ ತುದಿಗೆ ಹರಿದು ಹೋಗೋದು ಬೇರೆ. ಒಳಗೆ ಬರೋದಕ್ಕಿಂತ ಹೊರಗೆ ಹೋಗೋದೇ ಹೆಚ್ಚಾಯ್ತು. ತೂತಿರೋ ಕೊಡಕ್ಕೆ ನೀರು ಸುರಿದ ಹಾಗೆ, ಒಂದು ಮಟ್ಟಕ್ಕೆ ಏರಿ ಅಲ್ಲೇ ನಿಲ್ಲುತ್ತೆ. ಡಬ್ಬಿ ಖಾಲಿಯಾದರೂ ಸರಳು ಮಬ್ಬುಗೆಂಪು ದಾಟಲ್ಲ.

ರೈತ: ಹಾಗಿದ್ದರೆ ದೊಡ್ಡ ಟಾರ್ಚೇ ತರಬೇಕು.

ಮೇಸ್ತ್ರಿ: ದೊಡ್ಡದು ತರಬಹುದು, ಇಲ್ಲ ತೂತು ಮುಚ್ಚಬಹುದು. ನಮ್ಮಪ್ಪನ ಕುಲುಮೆಯಲ್ಲಿ ಇದ್ದಿದ್ದು ಇದ್ದಲು. ಇದ್ದಲಿನ ಬೆಂಕಿ ನಿನ್ನ ಟಾರ್ಚಿನ ಉರಿಗಿಂತ ಬಿಸಿಯೇನಲ್ಲ. ಆದರೂ ಅದೇ ಕುಲುಮೆಯಲ್ಲಿ ಎರಡು ಬೆರಳು ದಪ್ಪದ ಹಾರೆ ಬೆಳ್ಳಗೆ ಕಾಯ್ತಿತ್ತು. ಯಾಕೆ? ಕಬ್ಬಿಣದ ಕೆಳಗೆ ಕೆಂಡ, ಮೇಲೆ ಕೆಂಡ, ಆಚೆ ಈಚೆ ಕೆಂಡ. ಅದು ಚೆಲ್ಲಿದ ಬಿಸಿಯನ್ನ ಸುತ್ತಲಿನ ಕೆಂಡ ತಿರುಗಿ ಅದಕ್ಕೇ ಕೊಡ್ತಿತ್ತು. ತಿದಿ ಒತ್ತಿದಷ್ಟೂ ಬೆಂಕಿ ಬಲವಾಗ್ತಿತ್ತು ಅನ್ನೋದು ಒಂದು, ಬಿಸಿಗೆ ಓಡಿಹೋಗೋಕೆ ದಾರಿ ಇರಲಿಲ್ಲ ಅನ್ನೋದು ಅದಕ್ಕಿಂತ ದೊಡ್ಡದು. ಟಾರ್ಚ್ ಹಿಡಿದವರು ಇದನ್ನ ಮರೀತಾರೆ. ಸರಳನ್ನ ವೈಸಿಗೆ ಕಚ್ಚಿಸಿ, ಬಯಲಲ್ಲಿ ಒಂದೇ ಮಗ್ಗುಲಿಂದ ಉರಿ ಬಿಡ್ತಾರೆ. ವೈಸಿನ ಅಷ್ಟು ದೊಡ್ಡ ಕಬ್ಬಿಣ ಬಿಸಿಯನ್ನೆಲ್ಲ ಹೀರಿಕೊಳ್ಳುತ್ತೆ.

ಇಲ್ಲಿ ನಾನೊಂದು ಮಾತು ಸೇರಿಸುತ್ತೇನೆ. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್, ಗೌರಿಬಿದನೂರಿಗೆ ಪಶ್ಚಿಮದ ನೆರೆಯಾದ ಮಧುಗಿರಿ ಕಡೆ ಜನ ಕಬ್ಬಿಣ ಕರಗಿಸಿ ಉಕ್ಕು ಮಾಡುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಅವರ ಕೈಯಲ್ಲಿ ಇದ್ದದ್ದು ಮಣ್ಣು, ಇದ್ದಲು, ಚರ್ಮದ ತಿದಿ. ಅಷ್ಟರಲ್ಲೇ ಉಕ್ಕು ಇಳಿಸಿದವರಿಗೆ ಬಿಸಿಯನ್ನು ಕಟ್ಟಿಹಾಕುವುದು ಚೆನ್ನಾಗಿ ಗೊತ್ತಿತ್ತು. ಇದ್ದಲು ಸಿಗದೆ, ಹಾರೆ ಗುದ್ದಲಿಗಳು ಅಂಗಡಿಯಲ್ಲಿ ಸಿದ್ಧವಾಗಿ ಸಿಕ್ಕು, ಊರೂರಿನ ಕುಲುಮೆಗಳು ಆರುತ್ತಿರುವಾಗ ಆ ತಿಳಿವಳಿಕೆ ಗ್ಯಾಸಿನ ಕೆಲಸಕ್ಕಾದರೂ ದಾಟಿ ಬರಬೇಕೆಂಬುದು ನನ್ನ ಆಸೆ. ಈ ಮೇಸ್ತ್ರಿಯ ಮಾತನ್ನು ನಾನು ಬರೆದುಕೊಂಡದ್ದೂ ಅದಕ್ಕೇ.

ರೈತ: ತೂತು ಮುಚ್ಚೋದು ಅಂದರೆ ಹೇಗೆ?

ಮೇಸ್ತ್ರಿ: ಫೈರ್ ಬ್ರಿಕ್ಸ್. 9 ಇಂಚು ಉದ್ದ, 4½ ಅಗಲ, 3 ದಪ್ಪ. ನೆಲಕ್ಕೆ ಎರಡು, ಆಚೆ ಈಚೆ ಒಂದೊಂದು, ಮೇಲೊಂದು ಮುಚ್ಚಳ, ಹಿಂದೆ ಅರ್ಧ ಇಟ್ಟಿಗೆ. ಒಳಗೆ ಮುಷ್ಟಿ ಹಿಡಿಯೋಷ್ಟು ಗೂಡು. ಅದರೊಳಗೆ ಸರಳಿಟ್ಟು ಓರೆಯಾಗಿ ಉರಿ ಬಿಟ್ಟರೆ ಉರಿ ಗೋಡೆಗೆ ತಾಗಿ ಸುತ್ತು ಹಾಕುತ್ತೆ. ಸ್ವಲ್ಪ ಹೊತ್ತಿಗೆ ಇಟ್ಟಿಗೆಯ ಒಳಮೈಯೇ ಕೆಂಪಾಗುತ್ತೆ. ಅಲ್ಲಿಂದ ಮುಂದೆ ಸರಳಿಗೆ ನಾಲ್ಕೂ ಕಡೆಯಿಂದ ಬಿಸಿ. ಕೈಯಲ್ಲಿ ಎತ್ತಿದರೆ ಹಗುರ ಅನ್ನಿಸೋ, ತೂತು ತೂತಾದ ಇನ್ಸುಲೇಷನ್ ಇಟ್ಟಿಗೆ ಸಿಕ್ಕರೆ ಇನ್ನೂ ಒಳ್ಳೆಯದು, ತಾನು ಬಿಸಿ ಕುಡಿಯೋದು ಕಡಿಮೆ. ಚಿಕ್ಕಬಳ್ಳಾಪುರದ ಬಿ.ಬಿ. ರೋಡಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ವಿಚಾರಿಸು, ಇಲ್ಲದಿದ್ದರೆ ಬೆಂಗಳೂರಿನಿಂದಲೇ ತಾ.

ರೈತ: ಸುಮ್ಮನೆ ಕಲ್ಲು ಚಪ್ಪಡಿ ಮೇಲೆ ಇಟ್ಟು ಕಾಯಿಸಿದರೆ? ನಮ್ಮ ಕಡೆ ಚಪ್ಪಡಿಗೇನು ಬರ?

ಮೇಸ್ತ್ರಿ: ಬೇಡವೇ ಬೇಡ. ನಮ್ಮ ಬಂಡೆಯಲ್ಲಿ ಹೊಳೆಯೋ ಬಿಳಿ ಹರಳು ಇರುತ್ತೆ ನೋಡು, ಅದು 573 ಡಿಗ್ರಿಗೆ ಬರ್ತಿದ್ದ ಹಾಗೆ ಒಂದೇಟಿಗೆ ಹಿಗ್ಗುತ್ತೆ. ಕಲ್ಲಿನ ಮೇಲ್ಪದರ ಸಿಡಿದು ಚೂಪಾದ ಚಕ್ಕೆ ಮುಖಕ್ಕೇ ಹಾರುತ್ತೆ. ಬೆಂಗಳೂರು ಸುತ್ತಮುತ್ತ ಹಿಂದೆ ಬಂಡೆಯ ಮೇಲೆ ಸೌದೆ ಬೆಂಕಿ ಹಾಕಿಯೇ ಚಪ್ಪಡಿ ಎಬ್ಬಿಸ್ತಿದ್ದರು. ಬೆಂಕಿಗೆ ಕಲ್ಲು ಪದರ ಬಿಡುತ್ತೆ ಅನ್ನೋದೇ ಅವರಿಗೆ ಕಸುಬು. ಸಿಮೆಂಟ್ ನೆಲವೂ ಹಾಗೇ ಸಿಡಿಯುತ್ತೆ, ಹಸಿ ಇಟ್ಟಿಗೆಯೂ ಸಿಡಿಯುತ್ತೆ.

ರೈತ: ಸರಿ, ಇಟ್ಟಿಗೆ ಗೂಡು ಮಾಡಿದೆ. ಒಳಗೆ ಯಾವ ಟಾರ್ಚ್?

ಮೇಸ್ತ್ರಿ: ನಿನ್ನ ಹುಳು ಮನೆಯದೇ.

ರೈತ: ಫ್ಲೇಮ್ ಗನ್ನಾ?

ಮೇಸ್ತ್ರಿ: ಅದೇ. ಅಂಗಡಿಯವರು ಹೇಳಿದ್ದು ಸುಳ್ಳಲ್ಲ, ಅದರ ಉರಿ ಅಗಲ. ನೆಲ, ಸ್ಟ್ಯಾಂಡು ಸವರೋಕೆ ಅಂತಲೇ ಮಾಡಿದ್ದು. ಬಯಲಲ್ಲಿ ಸರಳಿಗೆ ಹಿಡಿದರೆ ಮುಕ್ಕಾಲು ಪಾಲು ಆಚೀಚೆ ಹೋಗುತ್ತೆ. ಗೂಡಿನೊಳಗೆ ಬಿಟ್ಟರೆ ಆಚೀಚೆ ಅನ್ನೋದೇ ಇರಲ್ಲ. ಬಲದಲ್ಲಿ ಅದು ಡಬ್ಬಿ ಟಾರ್ಚಿಗಿಂತ ಎಷ್ಟೋ ಪಟ್ಟು ದೊಡ್ಡದು. ಗಂಟೆಗೆ ಒಂದು ಕೆಜಿ ಗ್ಯಾಸ್ ಉರಿದರೆ ಹನ್ನೆರಡು ಹದಿಮೂರು ಕಿಲೋವ್ಯಾಟ್ ಆಗುತ್ತೆ. ನಿನ್ನ 12 ಎಂಎಂ ಕೊಕ್ಕೆಗೆ ಧಾರಾಳ, ಟ್ರೈಲರ್ ಕೊಂಡಿಯ 16 ಎಂಎಂಗೂ ಸಾಕು. ಒಂದೇ ಎಚ್ಚರ: ಗನ್ನಿನ ಮೂತಿಯನ್ನ ಗೂಡಿನೊಳಕ್ಕೆ ತುರುಕಬೇಡ. ಹಿಂಭಾಗದಲ್ಲಿ ಗಾಳಿ ಎಳೆಯೋ ತೂತುಗಳಿವೆಯಲ್ಲ, ಅವು ಹೊರಗಿನ ತಾಜಾ ಗಾಳಿಯನ್ನೇ ಎಳೀಬೇಕು. ಉರಿದು ಬಂದ ಹೊಗೆಯನ್ನೇ ತಿರುಗಿ ಎಳೆದರೆ ಉರಿ ಹಳದಿಯಾಗಿ ಮಸಿ ಕಕ್ಕುತ್ತೆ, ವಿಷದ ಗಾಳಿ ಏಳುತ್ತೆ. ಮೂತಿ ಗೂಡಿನ ಬಾಯಿಯ ಹತ್ತಿರ, ಒಂದೆರಡು ಇಂಚು ಆಚೆ ಇರಲಿ. ಕೆಲಸವೂ ತೆರೆದ ಕಡೆ ಮಾಡು.

ಗಾಳಿ ಎಳೆಯುವ ಈ ತೂತುಗಳ ಬಗ್ಗೆ ನನ್ನದೂ ಒಂದು ಮಾತು. ಬುನ್ಸೆನ್ ಎಂಬ ಜರ್ಮನ್ ರಸಾಯನ ವಿಜ್ಞಾನಿಯ ಹೆಸರು ಹೈಸ್ಕೂಲಿನ ಪ್ರಯೋಗಶಾಲೆ ಕಂಡವರಿಗೆಲ್ಲ ಗೊತ್ತು. 1855ರ ಸುಮಾರಿಗೆ ಹೈಡೆಲ್‌ಬರ್ಗ್‌ನಲ್ಲಿ ಅವನು ರೂಪಿಸಿದ ಬರ್ನರಿನಲ್ಲಿ ಗ್ಯಾಸು ಉರಿಯುವ ಮೊದಲೇ ಪಕ್ಕದ ತೂತಿನಿಂದ ಗಾಳಿ ಎಳೆದುಕೊಂಡು ಬೆರೆಯುತ್ತದೆ. ಇವತ್ತಿನ ಡಬ್ಬಿ ಟಾರ್ಚು, ಹುಳು ಮನೆಯ ಗನ್ನು, ಮನೆಯ ಒಲೆ ಎಲ್ಲ ಅದೇ ಏರ್ಪಾಡಿನ ಮೇಲೆ ನಡೆಯುತ್ತಿವೆ. ಉರಿಯಲ್ಲಿ ಒಳಗೊಂದು ಚಿಕ್ಕ ನೀಲಿ ಮೊನೆ ಕಾಣುತ್ತದಲ್ಲ, ಅದರ ತುದಿಯಿಂದ ಕೊಂಚ ಮುಂದೆಯೇ ಬಿಸಿ ಹೆಚ್ಚು. ಮೊನೆಯೊಳಗೆ ಇನ್ನೂ ಉರಿಯದ ಗ್ಯಾಸು ಇರುತ್ತದೆ, ಕಬ್ಬಿಣವನ್ನು ಅಲ್ಲಿಗೆ ಒತ್ತಿ ಹಿಡಿದರೆ ನಷ್ಟ.

ರೈತ: ಗನ್ನು ಒಂದೊಂದು ಸಲ ಮಧ್ಯದಲ್ಲೇ ಸೊರಗುತ್ತೆ ಅಣ್ಣ. ಸಿಲಿಂಡರ್ ಅರ್ಧ ಇದ್ದರೂ ಉರಿ ಸಣ್ಣಗಾಗುತ್ತೆ. ಡಿಸೆಂಬರ್ ಬೆಳಿಗ್ಗೆಯಂತೂ ಕೇಳಲೇಬೇಡಿ.

ಮೇಸ್ತ್ರಿ: ಸಿಲಿಂಡರ್ ಮುಟ್ಟಿ ನೋಡಿದ್ದೀಯ?

ರೈತ: ಕೆಳಗಡೆ ಐಸ್ ಇದ್ದ ಹಾಗೆ. ನೀರು ಬೆವರುತ್ತೆ.

ಮೇಸ್ತ್ರಿ: ಒಳಗಿರೋದು ದ್ರವ. ಅದು ಆವಿಯಾಗೋಕೆ ಬಿಸಿ ಬೇಕು, ಆ ಬಿಸಿಯನ್ನ ಸಿಲಿಂಡರಿನ ಮೈಯಿಂದಲೇ ಎಳೆದುಕೊಳ್ಳುತ್ತೆ. ಎಲ್‌ಪಿಜಿಯಲ್ಲಿ ಎರಡು ಅನಿಲ ಸೇರಿರುತ್ತೆ. ಪ್ರೊಪೇನ್ ಸೊನ್ನೆಗಿಂತ 42 ಡಿಗ್ರಿ ಕೆಳಗೂ ಕುದಿಯುತ್ತೆ, ಬ್ಯುಟೇನ್ ಸೊನ್ನೆ ಡಿಗ್ರಿ ಹತ್ತಿರ ಬಂದರೆ ಆವಿಯಾಗೋದನ್ನೇ ನಿಲ್ಲಿಸಿಬಿಡುತ್ತೆ. ಚಳಿಯಲ್ಲಿ ಜೋರಾಗಿ ಗ್ಯಾಸ್ ಎಳೆದರೆ ಮೈ ತಣ್ಣಗಾಗಿ ಒತ್ತಡ ಬಿದ್ದುಹೋಗುತ್ತೆ. ಸಣ್ಣ ಸಿಲಿಂಡರಿಗೆ ಮೈ ಕಡಿಮೆ, ಬೇಗ ಸೊರಗುತ್ತೆ. ಡಬ್ಬಿ ಟಾರ್ಚಿನ ಕಥೆ ಇನ್ನೂ ಕಷ್ಟ, ಅದರಲ್ಲಿ ಇರೋದೇ ಬ್ಯುಟೇನ್. ಬಿಡುವು ಕೊಟ್ಟು ಕೊಟ್ಟು ಉರಿಸು. ಬಿಸಿಲೇರಿದ ಮೇಲೆ ಕೆಲಸ ಇಟ್ಟುಕೋ. ಬೇಕಾದರೆ ಮಾಮೂಲಿ ತಣ್ಣೀರಿನ ಟಬ್ಬಿನಲ್ಲಿ ನಿಲ್ಲಿಸು, ಆ ನೀರೇ ಅದಕ್ಕೆ ಬಿಸಿ ಕೊಡುತ್ತೆ. ಕುದಿಯೋ ನೀರು ಸುರಿಯೋದು, ಗನ್ನಿನ ಉರಿಯನ್ನೇ ಸಿಲಿಂಡರಿನ ಮೈಗೆ ಹಿಡಿಯೋದು ಜೀವಕ್ಕೇ ಅಪಾಯ. ಕೆಲವರು ಮಾಡ್ತಾರೆ, ನೀನು ಮಾಡಬೇಡ. ಸಿಲಿಂಡರ್ ಮಲಗಿಸೋದೂ ಬೇಡ. ಆವಿಯ ಬದಲು ದ್ರವವೇ ಪೈಪಿಗೆ ಬಂದರೆ ಗನ್ನಿನ ಬಾಯಲ್ಲಿ ಆಳೆತ್ತರ ಉರಿ ಏಳುತ್ತೆ.

ರೈತ: ಮನೆ ಸಿಲಿಂಡರ್ 14.2 ಕೆಜಿಯದು ಇದೆಯಲ್ಲ, ಅದಕ್ಕೇ ಸಿಕ್ಕಿಸಿದರೆ?

ಮೇಸ್ತ್ರಿ: ಅಡುಗೆ ಸಿಲಿಂಡರನ್ನ ಬೇರೆ ಕೆಲಸಕ್ಕೆ ಬಳಸಬಾರದು ಅಂತ 2000ನೇ ಇಸವಿಯ ಎಲ್‌ಪಿಜಿ ಆದೇಶದಲ್ಲೇ ಇದೆ. ಕಾನೂನು ಒಂದು ಕಡೆ ಇರಲಿ, ಅದರ ರೆಗ್ಯುಲೇಟರೂ ಉಪಯೋಗಕ್ಕೆ ಬರಲ್ಲ. ಒಲೆಗೆ ಅಂತ ಅದು ಬಿಡೋ ಒತ್ತಡ ಬರೀ 30 ಮಿಲಿಬಾರ್. ಗನ್ನಿಗೆ ಒಂದು ಬಾರ್, ಎರಡು ಬಾರ್ ಬೇಕು, ಅಂದರೆ ಮೂವತ್ತು, ಅರವತ್ತು ಪಟ್ಟು ಹೆಚ್ಚು. ರೆಗ್ಯುಲೇಟರ್ ಇಲ್ಲದೆ ನೇರ ಪೈಪ್ ಹಾಕೋ ಗನ್ನುಗಳನ್ನ ಊರಲ್ಲಿ ನೋಡಿದ್ದೀನಿ. ಅದು ಬೇಡ. 19 ಕೆಜಿ ಕಮರ್ಷಿಯಲ್ ತಗೋ, ಇಲ್ಲ ಅಡ್ರೆಸ್ ಪ್ರೂಫ್ ಕೇಳದೆ ಕೊಡೋ 5 ಕೆಜಿಯದು ತಗೋ. ದಿನಾ ಕೆಲಸ ಇಲ್ಲದ ನಿನಗೆ 5 ಕೆಜಿ ಸಾಕು, ಹೊಲಕ್ಕೆ ಒಯ್ಯೋಕೂ ಹಗುರ. ಮೀಟರ್ ಇರೋ, ತಿರುಗಿಸಿ ಒತ್ತಡ ಹೆಚ್ಚು ಕಡಿಮೆ ಮಾಡೋ ಹೈ ಪ್ರೆಷರ್ ರೆಗ್ಯುಲೇಟರ್ ತಗೋ. ಟಾರ್ಚಿಗೆ ಇಟ್ಟ ದುಡ್ಡು ಇದಕ್ಕೆ ಹಾಕು. ಪೈಪು ಎಲ್‌ಪಿಜಿಗೆ ಅಂತಲೇ ಮಾಡಿದ್ದು, ಐಎಸ್ 9573 ಅಂತ ಮೇಲೆ ಅಚ್ಚಾಗಿರಬೇಕು. ಹನಿ ನೀರಾವರಿ ಪೈಪು, ಔಷಧಿ ಹೊಡೆಯೋ ಪೈಪು ಸಿಕ್ಕಿಸಬೇಡ.

ರೈತ: ಸೋರ್ತಿದೆಯೋ ಇಲ್ಲವೋ ಹೇಗೆ ತಿಳಿಯೋದು? ವಾಸನೆ ಬಂದರೆ ತಾನೆ?

ಮೇಸ್ತ್ರಿ: ವಾಸನೆಗೆ ಕಾಯಬೇಡ. ಸೋಪಿನ ನೀರು ಹಚ್ಚು, ಗುಳ್ಳೆ ಎದ್ದರೆ ಸೋರ್ತಿದೆ. ಈ ಅನಿಲ ಗಾಳಿಗಿಂತ ಭಾರ, ಮೇಲಕ್ಕೆ ಹೋಗಲ್ಲ, ತಗ್ಗಿನಲ್ಲಿ ಕೂತಿರುತ್ತೆ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲು ಸೇರಿದರೂ ಸಾಕು, ಕಿಡಿ ತಾಗಿದರೆ ಹತ್ತಿಕೊಳ್ಳುತ್ತೆ. ಹುಳು ಮನೆಯ ಪಕ್ಕ ಸಂಪು, ಗುಂಡಿ ಇದ್ದರೆ ಅದರ ಹತ್ತಿರ ಕೆಲಸ ಬೇಡ. ಸೋರಿಕೆಗೆ 1906 ನಂಬರ್ ಇದೆ, ಇಪ್ಪತ್ನಾಲ್ಕು ಗಂಟೆಯೂ. ಹುಳು ಮನೆ ಅಂದಾಗ ನೆನಪಾಯ್ತು, ಒಳಗೆ ಹುಳು ಇದ್ದಾಗ ಅಲ್ಲಿ ಕಬ್ಬಿಣ ಕಾಯಿಸಬೇಡ. ಹೊಗೆ ತಡೆಯದ ಜೀವ ಅದು. ಹುಳು ಗೂಡು ಕಟ್ಟೋ ಪ್ಲಾಸ್ಟಿಕ್ ನೇತ್ರಿಕೆಗಳೂ ಹತ್ತಿರ ಇರಬಾರದು.

ರೈತ: ಸರಳು ಕಾದಿದೆ ಅಂತ ಬಣ್ಣ ನೋಡಿಯೇ ಹೇಳಬೇಕಲ್ಲವಾ?

ಮೇಸ್ತ್ರಿ: ಬಣ್ಣವೇ. ಆದರೆ ನೆರಳಲ್ಲಿ ನೋಡು, ಬಿಸಿಲಲ್ಲಿ ಎಲ್ಲಾ ಕರ್ರಗೇ ಕಾಣುತ್ತೆ. ಕತ್ತಲಲ್ಲಿ 550ರ ಹತ್ತಿರ ಮಬ್ಬಾಗಿ ಕೆಂಪು ಹುಟ್ಟುತ್ತೆ. 750ಕ್ಕೆ ಚೆನ್ನಾದ ಕೆಂಪು. 900 ದಾಟಿದ ಮೇಲೆ ಕಿತ್ತಳೆ, ಅದೇ ಬಾಗಿಸೋ ಹೊತ್ತು. ಹಳದಿ ತಿರುಗಿದರೆ 1,100ರ ಸುಮಾರು, ನಿನಗೆ ಅಷ್ಟು ಬೇಡ. ಕಣ್ಣು ಪಳಗೋವರೆಗೂ ಒಂದು ಆಯಸ್ಕಾಂತ ಇಟ್ಟುಕೋ, ತಂತಿಗೆ ಕಟ್ಟಿ ತೂಗುಬಿಡು. 770 ಡಿಗ್ರಿ ದಾಟಿದ ಕಬ್ಬಿಣ ಆಯಸ್ಕಾಂತಕ್ಕೆ ಅಂಟಲ್ಲ. ಅಲ್ಲಿಂದ ಇನ್ನೊಂದಿಷ್ಟು ಹೊತ್ತು ಕಾಯಿಸಿದರೆ ನಿನ್ನ ಹದ.

ರೈತ: ಅಷ್ಟು ಕಾಯಿಸದೆ, ಸ್ವಲ್ಪ ಬಿಸಿ ಮಾಡಿ ಬಗ್ಗಿಸಿದರೆ ಗ್ಯಾಸ್ ಉಳಿಯುತ್ತಲ್ಲ?

ಮೇಸ್ತ್ರಿ: ಅರೆಬಿಸಿ ಕೆಟ್ಟದ್ದು. 200ರಿಂದ 350 ಡಿಗ್ರಿಯಲ್ಲಿ, ಉಜ್ಜಿದ ಕಬ್ಬಿಣದ ಮೇಲೆ ನೀಲಿ ಓಡೋ ಹೊತ್ತಿನಲ್ಲಿ, ಅದು ತಣ್ಣಗಿದ್ದಾಗಿನದಕ್ಕಿಂತ ಹೆಚ್ಚು ಪೆಡಸು. ಬಿರುಕು ಬಿಡುತ್ತೆ. ಒಂದೋ ತಣ್ಣಗೆ ಬಗ್ಗಿಸು, ಇಲ್ಲ ಪೂರ್ತಿ ಕಾಯಿಸಿ ಬಗ್ಗಿಸು. ಕೆಂಪು ಆರಿದ ಮೇಲೂ ಸುತ್ತಿಗೆಯಲ್ಲಿ ಬಡೀತಾ ಕೂರಬೇಡ, ವಾಪಸ್ ಗೂಡಿಗೆ ಇಡು. ಗುರುತನ್ನ ಸೀಮೆಸುಣ್ಣದಲ್ಲಿ ಹಾಕಬೇಡ, ಉರಿಯಲ್ಲಿ ಕಾಣದೆ ಹೋಗುತ್ತೆ. ಪಂಚಿನಲ್ಲಿ ಒಂದು ಚುಕ್ಕೆ ಹೊಡೆದುಕೋ. ಬಗ್ಗಿಸೋ ಅಚ್ಚು, ಇಕ್ಕಳ, ಸುತ್ತಿಗೆ ಎಲ್ಲಾ ಕೈಗೆಟುಕೋ ಕಡೆ ಇಟ್ಟುಕೊಂಡು ಆಮೇಲೆ ಗನ್ ಹಚ್ಚು. ಗೂಡಿನಿಂದ ಸರಳು ಆಚೆ ಬಂದ ಕ್ಷಣದಿಂದ ತಣ್ಣಗಾಗ್ತಿರುತ್ತೆ, ನಿನಗೆ ಸಿಗೋದು ಕೆಲವೇ ಸೆಕೆಂಡು. ಮೂಲೆ ಚೂಪಾಗಬೇಕು ಅಂದರೆ ಗುರುತಿನ ಆಚೆ ಈಚೆ ನೀರು ಚಿಮುಕಿಸಿ ಆರಿಸು, ಮಧ್ಯ ಮಾತ್ರ ಕೆಂಪಗಿರುತ್ತೆ, ಬಾಗೋದೂ ಅಲ್ಲೇ. ಸಾದಾ ಸರಳಿಗೆ ಇದು ನಡೆಯುತ್ತೆ, ಹದದ ಉಕ್ಕಿಗೆ ಮಾಡಬೇಡ.

ರೈತ: ಸಾದಾ ಕಬ್ಬಿಣದ ಪೈಪು ಬಗ್ಗಿಸೋದಾದರೆ? ತಾವು ಮಾಡಿದಾಗಲೆಲ್ಲ ಒಳಕ್ಕೆ ಚಪ್ಪಟೆಯಾಗುತ್ತೆ ಅಂತ ಪಕ್ಕದೂರಿನವರೊಬ್ಬರು ಹೇಳ್ತಿದ್ದರು.

ಮೇಸ್ತ್ರಿ: ಮರಳು ತುಂಬಬೇಕು. ಸಣ್ಣ ಮರಳು, ಬಾಣಲೆಯಲ್ಲಿ ಹುರಿದು ಪೂರ್ತಿ ಒಣಗಿಸಿದ್ದು. ಪೈಪನ್ನ ತಟ್ಟಿ ತಟ್ಟಿ ಗಟ್ಟಿಯಾಗಿ ತುಂಬಿ ಎರಡೂ ಬಾಯಿಗೆ ಮರದ ಬೆಣೆ ಹೊಡಿ. ಒಂದು ಬೆಣೆಗೆ ಸಣ್ಣ ತೂತಿರಲಿ. ಮರಳಿನಲ್ಲಿ ಹಸಿ ಉಳಿದಿದ್ದರೆ ಒಳಗೆ ಹಬೆ ಕಟ್ಟಿ ಬೆಣೆ ಗುಂಡಿನ ಥರ ಹಾರುತ್ತೆ. ಬೆಣೆಯ ನೇರಕ್ಕೆ ಯಾರೂ ನಿಲ್ಲಬಾರದು. ಅಲ್ಯೂಮಿನಿಯಂ ಆದರೆ ಬೇರೆಯೇ ವಿಷಯ. ಅದು 660 ಡಿಗ್ರಿಗೆ ಕರಗಿ ಬಿದ್ದುಹೋಗುತ್ತೆ, ಅದಕ್ಕೆ ಮುಂಚೆ ಕೆಂಪು ಬಣ್ಣವನ್ನ ಹಗಲಲ್ಲಿ ತೋರಿಸಲ್ಲ. ಮೇಲೆ ಬಟ್ಟೆ ಸೋಪಿನಲ್ಲಿ ಗೀರು ಎಳೆದು ನಿಧಾನವಾಗಿ ಕಾಯಿಸು, ಗೀರು ಕಪ್ಪಾದ ಕೂಡಲೇ ಉರಿ ತೆಗಿ. ಅಲ್ಲಿಗೆ ಅದು ಮೆತ್ತಗಾಗಿರುತ್ತೆ.

ರೈತ: ಡಬ್ಬಿ ಟಾರ್ಚ್ ಯಾತಕ್ಕೂ ಬೇಡ ಅಂತೀರಾ?

ಮೇಸ್ತ್ರಿ: ಹಾಗಲ್ಲ. ತಾಮ್ರದ ಸಣ್ಣ ಪೈಪು ಮೆತ್ತಗೆ ಮಾಡೋಕೆ, ಬೆಸುಗೆಗೆ, ಸಿಕ್ಕಿಕೊಂಡ ನಟ್ಟು ಬಿಚ್ಚೋಕೆ, ಆರು ಎಂಎಂ ಸರಳಿಗೆ ಚೆನ್ನಾಗಿದೆ. ಜೇಬಿನಲ್ಲಿಟ್ಟು ತೋಟಕ್ಕೆ ಒಯ್ಯಬಹುದು. ತಲೆ ಕೆಳಗಾಗಿ ಹಿಡಿದರೂ ಆರದೆ ಉರಿಯೋದು ತಗೋ, ಕಡಿಮೆ ಬೆಲೆಯವು ತಿರುಗಿಸಿದ ಕೂಡಲೇ ಹಳದಿ ಉರಿ ಉಗುಳ್ತವೆ. ಖಾಲಿ ಡಬ್ಬಿಗೆ ಮತ್ತೆ ಗ್ಯಾಸ್ ತುಂಬಿಸಿಕೊಡ್ತೀವಿ ಅನ್ನೋರ ಹತ್ತಿರ ಹೋಗಬೇಡ. ಒಂದು ಸಲಕ್ಕೆ ಅಂತ ಮಾಡಿದ ತೆಳು ತಗಡು ಅದು.

ರೈತ: ಆಕ್ಸಿಜನ್ ಸೆಟ್? ಗೌರಿಬಿದನೂರಿನ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮಾಡೋ ನನ್ನ ಭಾವ ಅದನ್ನೇ ತಗೋ ಅಂತಾರೆ.

ಮೇಸ್ತ್ರಿ: ಅವರ ಕೆಲಸಕ್ಕೆ ಅದು ಸರಿ. ದಪ್ಪ ಪ್ಲೇಟು ಕತ್ತರಿಸಬೇಕು, ಇಪ್ಪತ್ತೈದು ಎಂಎಂ ಶಾಫ್ಟನ್ನ ಒಂದೇ ಕಡೆ ಕಾಯಿಸಿ ಬಗ್ಗಿಸಬೇಕು ಅಂದರೆ ಆಕ್ಸಿಜನ್ ಇಲ್ಲದೆ ಆಗಲ್ಲ. ಆಕ್ಸಿಜನ್ ಜೊತೆ ಎಲ್‌ಪಿಜಿ 2,800 ಡಿಗ್ರಿ ಮುಟ್ಟುತ್ತೆ, ಅಸಿಟಿಲೀನ್ 3,100. ಹನ್ನೆರಡು ಎಂಎಂ ಸರಳಿಗೆ ಅದನ್ನ ಹಿಡಿದರೆ, ಒಳಗೆ ಬಿಸಿ ಇಳಿಯೋ ಮೊದಲೇ ಮೇಲ್ಮೈ ಕರಗಿ ಮೂಲೆ ಸುಟ್ಟುಹೋಗುತ್ತೆ. ಎರಡೆರಡು ಸಿಲಿಂಡರು, ಎರಡೂ ಕಡೆ ಉರಿ ಹಿಂದಕ್ಕೆ ಓಡದಂತೆ ತಡೆಯೋ ಫ್ಲ್ಯಾಶ್‌ಬ್ಯಾಕ್ ಅರೆಸ್ಟರ್, ಆಕ್ಸಿಜನ್ ಬಾಯಿಗೆ ಎಣ್ಣೆ ಗ್ರೀಸ್ ತಾಗದ ಹಾಗೆ ಎಚ್ಚರ. ವರ್ಷಕ್ಕೆ ಒಂದಿಷ್ಟು ಕೊಕ್ಕೆ ಮಾಡೋಕೆ ಇಷ್ಟೆಲ್ಲ ಯಾಕೆ? ದಪ್ಪ ಕೆಲಸ ಬಂದರೆ ನನ್ನ ಅಂಗಡಿಗೆ ತಾ.

ರೈತ: ಹಾಗಾದರೆ ಬೆಂಗಳೂರಿನಿಂದ ಟಾರ್ಚ್ ತರೋದೇ ಬೇಡ.

ಮೇಸ್ತ್ರಿ: ಮೀಟರ್ ಇರೋ ರೆಗ್ಯುಲೇಟರ್, ಮೂರು ಮೀಟರ್ ಒಳ್ಳೆ ಪೈಪು, ಏಳೆಂಟು ಫೈರ್ ಬ್ರಿಕ್ಸ್, ಒಂದು ಉದ್ದ ಹಿಡಿಯ ಇಕ್ಕಳ, ಚರ್ಮದ ಕೈಗವಸು, ಕಣ್ಣಿಗೆ ಕನ್ನಡಕ, ಇಷ್ಟು ತಾ. ಬೆಂಕಿ ಹಚ್ಚುವಾಗ ನೈಲಾನ್ ಶರ್ಟ್ ಹಾಕಬೇಡ. ಪಕ್ಕದಲ್ಲಿ ಒಂದು ಬಕೆಟ್ ಮರಳು ಇರಲಿ. ಗೂಡನ್ನ ಕಬ್ಬಿಣದ ಮೇಜಿನ ಮೇಲೆ, ಸೊಂಟದ ಎತ್ತರಕ್ಕೆ ಕಟ್ಟು, ನೆಲದಲ್ಲಿ ಕುಕ್ಕರಗಾಲಲ್ಲಿ ಕೂತು ಬಿಸಿ ಕಬ್ಬಿಣ ಹಿಡಿಯಬೇಡ, ಜಾರಿದರೆ ಏಳೋಕೆ ಆಗಲ್ಲ. ಸಿಲಿಂಡರ್ ಪೈಪಿನಷ್ಟು ದೂರ, ಗಾಳಿ ಬರೋ ಕಡೆಗೆ ಇರಲಿ.

ರೈತ: ಮೊದಲು ಯಾವುದನ್ನ ಮಾಡಲಿ?

ಮೇಸ್ತ್ರಿ: ಎಂಟು ಎಂಎಂ ಚೌಕದ ತುಂಡೊಂದು ತಗೋ, ನಿನ್ನ ಗನ್ನಿನಲ್ಲೇ ಒಂದು ಸಲ ಬಯಲಲ್ಲಿ ಕಾಯಿಸು, ಇನ್ನೊಂದು ಸಲ ಗೂಡಿನಲ್ಲಿ ಕಾಯಿಸು. ಒತ್ತಡ ಎರಡು ಸಲವೂ ಒಂದೇ ಇರಲಿ, ಮೀಟರ್ ನೋಡಿಕೋ. ಎರಡರಲ್ಲೂ ಎಷ್ಟು ಹೊತ್ತಿಗೆ ಆಯಸ್ಕಾಂತ ಬಿಟ್ಟಿತು ಅಂತ ಬರೆದಿಟ್ಟು ನನಗೆ ಫೋನ್ ಮಾಡು. ಆಮೇಲೆ ಹನ್ನೆರಡು ಎಂಎಂಗೆ ಗೂಡು ಎಷ್ಟು ಅಗಲ ಬೇಕು ಅಂತ ಹೇಳ್ತೀನಿ.